ಜಿಡ್ಡು ಬೇಡವಂತೆ

ಧನುರ್ಮಾಸ ಬಂತು. ದೊಡ್ಡಬಳ್ಳಾಪುರ ಮೈ ಕೆರೆಯಲು ಕೂತಿತು.

ಬಸ್ ಸ್ಟ್ಯಾಂಡಿನಲ್ಲಿ ಬೆನ್ನು ಕೆರೆಯುವವರು. ಬೇಕರಿ ಮುಂದೆ ಮೊಣಕಾಲು ಕೆರೆಯುವವರು. ಬೆಳಗಿನ ಜಾವದ ಪೂಜೆಗೆ ಬಂದು ಕಂಬದ ಮರೆಯಲ್ಲಿ ಕೆರೆಯುವವರು. ಯಾಕ್ರೀ ಎಂದರೆ ಎಲ್ಲರದೂ ಒಂದೇ ಉತ್ತರ: "ಚಳಿ ಸಾರ್."

ಪಾಪ ಚಳಿ. ಅದರ ಪರ ವಾದಿಸಲು ವಕೀಲರಿಲ್ಲ.

ಚಳಿಯ ತಪ್ಪು ಇಲ್ಲವೆಂದಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 880 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್ ಮುಂಜಾನೆ ಉಷ್ಣಾಂಶ 15 ಡಿಗ್ರಿಯ ಕೆಳಗಿಳಿಯುವುದು ಇಲ್ಲಿ ಹೊಸ ಸುದ್ದಿಯಲ್ಲ. ತಣ್ಣನೆಯ ಗಾಳಿ ನೀರಾವಿಯನ್ನು ಹೆಚ್ಚು ಹೊರಲಾರದು. ಚರ್ಮದ ಮೇಲ್ಪದರದ ಸತ್ತ ಕೋಶಗಳ ನಡುವೆ ಒಂದಿಷ್ಟು ಕೊಬ್ಬು ಇರುತ್ತದೆ. ಒಳಗಿನ ನೀರು ಆವಿಯಾಗದಂತೆ ಕಾಯುವುದು ಅದರ ಕೆಲಸ. ಒಣಗಾಳಿಗೆ ಆ ಕಾವಲು ಸಡಿಲವಾಗುತ್ತದೆ. ಚರ್ಮ ಬಿಳಿಚುತ್ತದೆ, ತುಟಿ ಒಡೆಯುತ್ತದೆ, ಹಿಮ್ಮಡಿ ಸೀಳುತ್ತದೆ. ವಯಸ್ಸಾದವರಲ್ಲಿ ಎಣ್ಣೆಯ ಅಂಶವೇ ಕಡಿಮೆ, ಅವರಿಗೆ ತುರಿಕೆ ಇನ್ನೂ ಜಾಸ್ತಿ.

ಚಳಿಯ ಪಾತ್ರ ಇಷ್ಟೇ. ಮುಂದಿನದೆಲ್ಲ ನಮ್ಮ ಸ್ವಂತ ಸಾಧನೆ.

ಚಳಿ ಎಂದು ಕುದಿಯುವ ನೀರು ಹುಯ್ದುಕೊಳ್ಳುತ್ತೇವೆ. ಬಚ್ಚಲಿಂದ ಬೇಗ ಎದ್ದು ಬರುವುದಿಲ್ಲ. ಮೈ ಕಿರ್ ಎನ್ನದಿದ್ದರೆ ಸ್ನಾನವೇ ಅಲ್ಲ ಎಂದು ಸೋಪು, ನಾರು ಹಾಕಿ ತಿಕ್ಕುತ್ತೇವೆ. ಚರ್ಮ ಸ್ವಭಾವತಃ ತುಸು ಆಮ್ಲೀಯ, ಸೋಪು ಕ್ಷಾರ. ಆ ಕಾವಲಿನ ಕೊಬ್ಬನ್ನು ನಾವೇ ತೊಳೆದು ಚರಂಡಿಗೆ ಬಿಡುತ್ತೇವೆ. ಇನ್ನು ಬೋರ್‌ವೆಲ್ ನೀರು. ಆ ಗಡಸು ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಮೈಮೇಲೆ ಕೂತ ಸೋಪಿನ ಪದರ ಪೂರ್ತಿ ಹೋಗುವುದೂ ಇಲ್ಲ. ನೊರೆ ಬರಲಿಲ್ಲವೆಂದು ಇನ್ನೊಂದು ಸಲ ಸೋಪು.

ಪರಿಹಾರ ನಾಚಿಕೆಯಾಗುವಷ್ಟು ಅಗ್ಗ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ. ಸೋಪು ಕಂಕುಳಿಗೆ, ತೊಡೆಸಂದಿಗೆ, ಪಾದಕ್ಕೆ ಸಾಕು. ಟವೆಲ್ಲನ್ನು ತಿಕ್ಕದೆ ಮೆಲ್ಲಗೆ ಒತ್ತಿ, ಮೈ ಪೂರ್ತಿ ಆರುವ ಮೊದಲೇ ವ್ಯಾಸಲೀನನ್ನೋ ಕೊಬ್ಬರಿ ಎಣ್ಣೆಯನ್ನೋ ಸವರಬೇಕು. ಹಿಮ್ಮಡಿ ದಪ್ಪಗಾಗಿ ಒಡೆದಿದ್ದರೆ ಯೂರಿಯಾ ಇರುವ ಕ್ರೀಮು ಹಚ್ಚಿ, ಕಾಲುಚೀಲ ಹಾಕಿ ಮಲಗಬೇಕು. ಯೂರಿಯಾ ಎಂದೊಡನೆ ಗೊಬ್ಬರದ ಅಂಗಡಿಯ ಸಾಲಿನಲ್ಲಿ ನಿಲ್ಲಬೇಡಿ ಸ್ವಾಮಿ. ಸಕ್ಕರೆ ಕಾಯಿಲೆಯವರು ಸೀಳನ್ನು ಹಗುರವಾಗಿ ನೋಡಬಾರದು. ಆ ಸೀಳಿನಿಂದ ಸೋಂಕು ಒಳಹೊಕ್ಕರೆ ಕಾಲಿಗೇ ಕುತ್ತು.

ಇದನ್ನು ಹೇಳಿ ನೋಡಿ. ಮುಖ ಸಿಂಡರಿಸುತ್ತಾರೆ. "ಅಯ್ಯೋ, ಜಿಡ್ಡು ಜಿಡ್ಡು ಸಾರ್. ಷರ್ಟಿಗೆ ಅಂಟುತ್ತೆ."

ಜಿಡ್ಡೇ ಔಷಧಿ. ಅದು ಮಾತ್ರ ಬೇಡ.

ಬೇಕಾಗಿರುವುದು ಟ್ಯೂಬು. ಮೆಡಿಕಲ್ ಸ್ಟೋರಿನ ಕಟ್ಟೆಗೆ ಒರಗಿ "ಅಣ್ಣ, ತುರಿಕೆಗೆ ಏನಾದ್ರೂ ಕೊಡಿ" ಎಂದರೆ ಸಾಕು. ಅಣ್ಣ ಚರ್ಮ ನೋಡುವುದಿಲ್ಲ, ಚೀಟಿ ಕೇಳುವುದಿಲ್ಲ. ಸ್ಟೀರಾಯ್ಡ್ ಬೆರೆತ ಕ್ರೀಮು ಕೈಗಿಡುತ್ತಾನೆ. ಎರಡೇ ದಿನ, ತುರಿಕೆ ಮಾಯ. ಅಣ್ಣನೇ ಧನ್ವಂತರಿ.

ಸ್ಟೀರಾಯ್ಡ್ ವಿಷವಲ್ಲ. ನಿಜವಾದ ಇಸಬಿಗೆ ಚರ್ಮದ ವೈದ್ಯರೇ ಅದನ್ನು ಬರೆಯುತ್ತಾರೆ, ಇಂಥ ಜಾಗಕ್ಕೆ ಇಷ್ಟು ದಿನ ಎಂದು ಲೆಕ್ಕ ಹಾಕಿ. ನಮ್ಮದು ಲೆಕ್ಕವಿಲ್ಲದ ವ್ಯವಹಾರ. ಹುಳುಕಡ್ಡಿಗೂ ಅದೇ, ಒಣಚರ್ಮಕ್ಕೂ ಅದೇ. ಮುಖಕ್ಕೂ ಅದೇ, ಬೆಳ್ಳಗಾಗಲೆಂದು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಎದ್ದು ಕಾಣುತ್ತದೆ. ಬಿಟ್ಟರೆ ಮುಖ ಉರಿಯುತ್ತದೆ, ಆ ಉರಿಗೆ ಮತ್ತೆ ಅದೇ ಟ್ಯೂಬು. ತುರಿಕೆ ನಿಂತಿತೆಂದು ನಂಬಿಸಿದ ಹುಳುಕಡ್ಡಿ ಒಳಗೊಳಗೇ ಹಬ್ಬಿ, ಮನೆಮಂದಿಗೆಲ್ಲ ಹಂಚಿಕೆಯಾಗುತ್ತದೆ.

ಕಾನೂನು ಇಲ್ಲವೇ? ಬೇಕಾದಷ್ಟಿದೆ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 328 ಮಿಶ್ರ ಔಷಧಿಗಳನ್ನು ನಿಷೇಧಿಸಿತು. ಸ್ಟೀರಾಯ್ಡ್ ಜೊತೆ ಇನ್ನೆರಡು ಮೂರು ಔಷಧಿ ಕಲಸಿದ ಕ್ರೀಮುಗಳೂ ಅದರಲ್ಲಿದ್ದವು. ಟ್ಯೂಬಿನ ಮೇಲೆ ಕೆಂಪು ಗೆರೆ ಇದೆ, ಎಚ್ಚರಿಕೆ ಇದೆ. ಅದನ್ನು ಓದಲು ಭೂತಗನ್ನಡಿ ಬೇಕು, ಅಷ್ಟೆ.

ಟ್ಯೂಬೂ ಕೈಕೊಟ್ಟ ಮೇಲೆ ಉಳಿಯುವುದು ದೋಷ ಪರಿಹಾರ. ಘಾಟಿ ಸುಬ್ರಹ್ಮಣ್ಯ ಹತ್ತಿರದಲ್ಲೇ ಇದ್ದಾನೆ. ಚರ್ಮದ ಕಾಯಿಲೆಗೆ ಸರ್ಪದೋಷವೇ ಕಾರಣವೆಂಬ ನಂಬಿಕೆ ನಮ್ಮಲ್ಲಿ ಹಳೆಯದು. ಅಲ್ಲಿ ಸಾಲು ಸಾಲು ನಾಗರಕಲ್ಲು. ಹಾವು ಪೊರೆ ಬಿಟ್ಟರೆ ದೈವ, ನಾವು ಪೊರೆ ಬಿಟ್ಟರೆ ದೋಷ. ದೇವರ ತಕರಾರಿಲ್ಲ, ಬೀಳುವ ಹಾಲು ಕಲ್ಲಿಗೆ. ಆ ಹಾಲಿನ ಕೆನೆಯನ್ನಾದರೂ ಕಾಲಿಗೆ ಹಚ್ಚಿದ್ದರೆ!

ಘಾಟಿಯ ದನಗಳ ಜಾತ್ರೆಗೂ ಇದೇ ಕಾಲ. ಹಳ್ಳಿಕಾರ್ ಜೋಡಿಗಳಿಗೆ ಪೆಂಡಾಲು, ಬೆನ್ನಿಗೆ ಹೊದಿಕೆ, ಕೊಂಬಿಗೆ ಎಣ್ಣೆ. ಎತ್ತು ಫಳಫಳ ಹೊಳೆಯುತ್ತದೆ. ಯಜಮಾನನ ಹಿಮ್ಮಡಿಯಲ್ಲಿ ನಾಲ್ಕಾಣೆ ನಾಣ್ಯ ನಿಲ್ಲುತ್ತದೆ. ಎತ್ತಿಗೆ ಗಿರಾಕಿ ಬರುತ್ತಾನೆ, ಯಜಮಾನನಿಗೆ ಯಾರು ಬರುತ್ತಾರೆ?

ಪೌರಕಾರ್ಮಿಕರ ವಿಷಯ ಹೇಳುವುದೇ ಬೇಡ. ಸೆಪ್ಟೆಂಬರ್ 23ಕ್ಕೆ ಅವರ ದಿನಾಚರಣೆ. ಶಾಲು, ಹಾರ, ಭಾಷಣ, ಫೋಟೊ. ಡಿಸೆಂಬರ್‌ನ ಇಬ್ಬನಿಯಲ್ಲಿ ಕತ್ತಲೆಗೇ ಪೊರಕೆ ಹಿಡಿದು ಹೊರಡುವ ಹೊತ್ತಿಗೆ ಫೋಟೊ ತೆಗೆಯುವವನು ಮಲಗಿರುತ್ತಾನೆ. ಕೈಗವಸು ಇದ್ದರೂ ಹರಿದಿರುತ್ತದೆ.

ಆಮೇಲೆ ನಮ್ಮ ಮಗ್ಗದವರು. ಈ ಊರಿನ ಹೆಸರು ನಿಂತಿರುವುದೇ ಅವರ ಸೀರೆಯಿಂದ. ರೇಷ್ಮೆ ನೂಲಿನ ಮೇಲೆ ಅಂಟಿನಂಥ ಪ್ರೋಟೀನ್ ಒಂದಿದೆ, ಸೆರಿಸಿನ್. ಸೋಪಿನ ನೀರಲ್ಲಿ ಬೇಯಿಸಿ ಅದನ್ನು ತೆಗೆಯುತ್ತಾರೆ. ಚರ್ಮದಲ್ಲಿ ತೇವ ಹಿಡಿದಿಡುವ ಗುಣ ಅದಕ್ಕಿದೆ ಎಂದು ಸೌಂದರ್ಯವರ್ಧಕ ಕಂಪನಿಗಳು ಕ್ರೀಮಿಗೆ ಬೆರೆಸಿ ಮಾರುತ್ತವೆ. ನೇಯುವವರ ಕೈಗೆ ಉಳಿಯುವುದು ಸೀಳು.

ಎಳೆ ಕಡಿದಾಗಲೆಲ್ಲ ಗಂಟು ಹಾಕಬೇಕು. ಒಡೆದ ಬೆರಳಿಗೆ ರೇಷ್ಮೆ ಸಿಕ್ಕಿಕೊಳ್ಳುತ್ತದೆ. ವ್ಯಾಸಲೀನ್ ಹಚ್ಚೋಣವೆಂದರೆ ಸೀರೆಗೆ ಕಲೆ. ಡ್ಯಾಮೇಜ್ ಆದರೆ ಕೂಲಿಗೆ ಕತ್ತರಿ. ಜಿಡ್ಡು ಬೇಡ ಎನ್ನುವ ಹಕ್ಕು ಈ ಊರಿನಲ್ಲಿ ಇದ್ದರೆ ಅವರೊಬ್ಬರಿಗೆ. ರಾತ್ರಿ ಹಚ್ಚಿ ಮಲಗಿ ಎಂದರೆ ರಾತ್ರಿ ಪಾಳಿ. ವೈದ್ಯರ ಹತ್ತಿರ ಹೋಗಿ ಎಂದರೆ ಒಂದು ದಿನದ ಮಗ್ಗ ನಿಲ್ಲುತ್ತದೆ.

ಹಾಗಾಗಿ ಅವರೂ ಪಾಳಿ ಮುಗಿಸಿ ಅದೇ ಕಟ್ಟೆಯ ಮುಂದೆ ನಿಂತು ಕೈ ಚಾಚುತ್ತಾರೆ. ಅಣ್ಣ ಅಂಗೈ ನೋಡುವುದಿಲ್ಲ. ಕೇಳುವುದು ಒಂದೇ ಪ್ರಶ್ನೆ: "ದೊಡ್ಡದಾ, ಚಿಕ್ಕದಾ?"