ಕಿಟೆಲ್ ತಾತನ ಸ್ಟಾಫ್ ರೂಂ ಸಮಾಚಾರ

ತುಮಕೂರು ಕಂದಾಯ ಇಲಾಖೆಗೆ ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಗೆ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲೊಂದು ಕ್ರಿಶ್ಚಿಯನ್ ಇಂಟರ್‌ನ್ಯಾಷನಲ್ ಸ್ಕೂಲ್ ಇದೆ ಎಂದುಕೊಳ್ಳಿ. ಅದರ ಸ್ಟಾಫ್ ರೂಮಿನ ಬೀರು ಮೇಲೆ, ಹಳೇ ಉತ್ತರ ಪತ್ರಿಕೆಗಳ ಕಟ್ಟಿನಡಿ, ಕಿಟೆಲ್ ನಿಘಂಟಿನ ಒಂದು ಪ್ರತಿ ಮಲಗಿದೆ. ಭಾಷೆ ಮತ್ತು ಸಮಾಜ ಕಲಿಸುವ ಮೇಷ್ಟ್ರುಗಳ ಕಷ್ಟಸುಖ ಬರೆಯೋಣವೆಂದು ಹೋದರೆ ಅವರೆಲ್ಲ ‘ಬೇಡಿ ಸಾರ್, ಕೆಲಸ ಹೋಗುತ್ತೆ’ ಎಂದು ಕೈಮುಗಿದರು. ನಿಘಂಟಿಗೆ ಆ ಭಯವಿರಲಿಲ್ಲ.

ತಾತ, ಇಂಟರ್‌ನ್ಯಾಷನಲ್ ಶಾಲೇಲಿ ನಿಮಗೇನು ಕೆಲಸ?

ಏನಯ್ಯಾ ಹಿಂಗಂತೀಯ? ಈ ಕಾಂಪೌಂಡಿನೊಳಗೆ ಆ ಹೆಸರಿಗೆ ತಕ್ಕವನು ನಾನೊಬ್ಬನೇ. ಬರೆದ ಫರ್ಡಿನಾಂಡ್ ಕಿಟೆಲ್ ಜರ್ಮನಿಯ ಪಾದ್ರಿ, ಕಳಿಸಿದ ಮಿಷನ್ ಸ್ವಿಟ್ಜರ್ಲೆಂಡಿನ ಬಾಸೆಲ್‌ನದು, 1894ರಲ್ಲಿ ಅಚ್ಚಾಗಿದ್ದು ಮಂಗಳೂರಲ್ಲಿ. ಹೊಟ್ಟೇಲಿ ಸುಮಾರು 70,000 ಕನ್ನಡ ಪದ ಇಟ್ಕೊಂಡಿದೀನಿ. ಇವರ ಬಸ್ಸು ದಾಟೋ ಗಡಿ ಅಂದರೆ ಆಂಧ್ರದ್ದೊಂದೇ.

ಕನ್ನಡ ಮಿಸ್ ಹೇಗಿದ್ದಾರೆ?

ಆಯಮ್ಮನ ಕೈಗೆ ನವೆಂಬರ್ 1ಕ್ಕೆ ಮೈಕ್ ಕೊಡ್ತಾರೆ, 14ಕ್ಕೆ ಮಕ್ಕಳ ದಿನಾಚರಣೆ ಅಂತ ಇಸ್ಕೊಂಡು ಇಂಗ್ಲಿಷ್ ಮಿಸ್ಸಿಗೆ ಕೊಡ್ತಾರೆ. ಬಿಇಒ ಆಫೀಸಿಂದ ಯಾರಾದರೂ ಬಂದರೆ ಮಾತ್ರ ಆಯಮ್ಮನ ಬೆಲೆ ದಿಢೀರನೆ ಏರುತ್ತೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಇದೆಯಲ್ಲ, ಯಾವ ಬೋರ್ಡಿನ ಶಾಲೆಯಾದರೂ ಕನ್ನಡ ಕಲಿಸಲೇಬೇಕು ಅನ್ನೋದು. ಅವತ್ತು ಪ್ರಿನ್ಸಿಪಾಲರೇ ಆಯಮ್ಮನಿಗೆ ಕುರ್ಚಿ ಎಳೆದು ಕೊಡ್ತಾರೆ. ಜೀಪು ಗೇಟು ದಾಟಿತೋ ಇಲ್ಲವೋ, ಗಣಿತದ ಮೇಷ್ಟ್ರು ಹಾಜರ್: ‘ಮೇಡಂ, ಪೋರ್ಷನ್ ಬಾಕಿ ಇದೆ, ಒಂದು ಪೀರಿಯಡ್ ಕೊಡಿ.’ ಹಾಗೆ ಕೊಟ್ಟ ಪೀರಿಯಡ್ ವಾಪಸ್ ಬಂದಿದ್ದನ್ನ ನಾನಂತೂ ನೋಡಿಲ್ಲ.

ಮಕ್ಕಳಿಗೆ ಭಾಷೆ ಬರಲ್ಲ ಅಂತಾರಲ್ಲ?

ಯಾರು ಅಂದೋರು? ಪಾವಗಡದ ಹುಡುಗ ಮನೇಲಿ ತೆಲುಗು, ಶಿರಾದ ಹುಡುಗಿ ಮನೇಲಿ ಉರ್ದು, ಕೊರಟಗೆರೆಯವನು ಕನ್ನಡ. ಆಟದ ಬಯಲಲ್ಲಿ ಮೂರನ್ನೂ ಕಲಸಿ ಜಗಳ ಆಡ್ತಾರೆ, ಸಾರಿ ಕೇಳೋದು ಮಾತ್ರ ಇಂಗ್ಲಿಷಲ್ಲಿ. ಇಷ್ಟು ಬರೋ ಮಕ್ಕಳ ಪ್ರೋಗ್ರೆಸ್ ಕಾರ್ಡಲ್ಲಿ ‘ಕಮ್ಯುನಿಕೇಷನ್ ವೀಕ್’ ಅಂತ ಬರೀತಾರೆ. ಹಿಂದಿ ಸರ್ ಪಾಪ, ಹಿಂದೀನ ಕನ್ನಡದಲ್ಲೇ ಪಾಠ ಮಾಡ್ತಾರೆ. ಅದನ್ನ ಪತ್ರಿಕೇಲಿ ಹಾಕಬೇಡ.

ಸೋಷಿಯಲ್ ಸರ್?

ಆತನ ಕಥೆ ಕೇಳು. ಪುಸ್ತಕದಲ್ಲಿ ಮೊಘಲರು ಅಂದರೆ ದೆಹಲಿ, ಆಗ್ರಾ. 1687ರಲ್ಲಿ ಅದೇ ಮೊಘಲರು ಶಿರಾ ಹಿಡಿದು ಸುಬೆಯ ಕೇಂದ್ರ ಮಾಡಿಕೊಂಡರು. ಅಲ್ಲಿಯ ಜುಮ್ಮಾ ಮಸೀದಿ 1696ರದ್ದು. ಒಂದು ದಿನ ಮಕ್ಕಳನ್ನ ಕರಕೊಂಡು ಹೋಗ್ತೀನಿ ಅಂತ ಆತ ಅರ್ಜಿ ಕೊಟ್ಟ. ‘ಶಿರಾದಲ್ಲಿ ನೋಡೋಕೇನಿದೆ ಸಾರ್, ವಾಟರ್ ಪಾರ್ಕಿಗೆ ಬರೀರಿ’ ಅಂದರು ಆಫೀಸಿನವರು. ಬರೆದ. ಮಂಜೂರಾಯಿತು.

ಇನ್ನೊಂದು. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಜಮೀನು ಕೊಂಡಿದ್ದಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ರೈತರಿಂದ ಗುತ್ತಿಗೆಗೆ ಹಿಡಿದದ್ದು. ಪರೀಕ್ಷೇಲಿ ‘ಸೌರಶಕ್ತಿಯ ಉಪಯೋಗ ತಿಳಿಸಿ’ ಅಂತ ಪ್ರಶ್ನೆ ಬಂತು. ಆ ಕಡೆಯ ಹುಡುಗ ‘ನಮ್ಮ ಸ್ಕೂಲ್ ಫೀಸು ಕಟ್ಟೋದು’ ಅಂತ ಬರೆದ. ನಾನು ನೂರಮೂವತ್ತು ವರ್ಷದಲ್ಲಿ ಓದಿದ ಅತ್ಯುತ್ತಮ ಉತ್ತರ ಕಣಯ್ಯಾ. ಕೀ ಆನ್ಸರಲ್ಲಿ ಇರಲಿಲ್ಲ. ಸರ್ ಅರ್ಧ ಮಾರ್ಕು ಕೊಟ್ಟರು. ಅದಕ್ಕೆ ಮೆಮೋ ಬಂತು.

ಆದರೂ ಇವು ಹಗುರ ವಿಷಯ, ಓದದಿದ್ದರೂ ಪಾಸಾಗಬಹುದು ಅಂತಾರೆ.

ಹೌದೌದು, ಮ್ಯಾನೇಜ್‌ಮೆಂಟಿಗೆ ಹಗುರ. ಸರ್ಕಾರಕ್ಕೆ ಎಷ್ಟು ಭಾರ ಗೊತ್ತೇನು? ಬರಗೂರು ರಾಮಚಂದ್ರಪ್ಪನವರ ಸಮಿತಿ ಪರಿಷ್ಕರಿಸಿದ ಪಠ್ಯಪುಸ್ತಕಗಳನ್ನ ರೋಹಿತ್ ಚಕ್ರತೀರ್ಥರ ಸಮಿತಿ ಮತ್ತೆ ಪರಿಷ್ಕರಿಸಿತು, 2022ರಲ್ಲಿ ನಾಡೆಲ್ಲ ಗದ್ದಲ. 2023ರಲ್ಲಿ ಸರ್ಕಾರ ಬದಲಾಯಿತು, ಮತ್ತೊಂದು ಸುತ್ತು. ಬಡಿದಾಡಿದ್ದು ಯಾವ ಪುಸ್ತಕಕ್ಕೆ? ಕನ್ನಡಕ್ಕೆ, ಸಮಾಜ ವಿಜ್ಞಾನಕ್ಕೆ. ಗುಣಾಕಾರದ ಮಗ್ಗಿ ತಿದ್ದಿ ಅಂತ ಯಾರಾದರೂ ಬೀದಿಗಿಳಿದರಾ? ಆ ಬರಗೂರು ಅನ್ನೋ ಊರು ಇರೋದೂ ಇಲ್ಲೇ, ಶಿರಾ ತಾಲ್ಲೂಕಲ್ಲಿ. ನಮ್ಮ ಹುಡುಗರಿಗೆ ಹೇಳಿದರೆ ‘ಅದು ಸ್ಟೇಟ್ ಸಿಲಬಸ್ ಅಲ್ವಾ ಸಾರ್’ ಅಂದರು.

ಶಾಲೆಗೆ ಇವರಿಂದ ಏನೂ ಉಪಯೋಗವಿಲ್ಲ ಅನ್ನಿ.

ತಪ್ಪು. ಏಪ್ರಿಲ್‌ನಲ್ಲಿ ಬಂದು ನೋಡು. ಅಡ್ಮಿಷನ್ ಕ್ಯಾನ್ವಾಸಿಂಗಿಗೆ ಹಳ್ಳಿಹಳ್ಳಿ ತಿರುಗೋರು ಇವರೇ. ಮಿಡಿಗೇಶಿ ಕಡೆಗೆ ಸೋಷಿಯಲ್ ಸರ್, ಪಾವಗಡಕ್ಕೆ ತೆಲುಗೂ ಬರೋ ಕನ್ನಡ ಮಿಸ್. ಜಗಲಿ ಮೇಲೆ ಕೂತು, ಕೊಟ್ಟ ಮಜ್ಜಿಗೆ ಕುಡಿದು, ‘ನಮ್ಮಲ್ಲಿ ಒಂದಕ್ಷರ ಕನ್ನಡ ಮಾತಾಡಿಸಲ್ಲ ಕಣಮ್ಮಾ, ಬರೀ ಇಂಗ್ಲಿಷು’ ಅಂತ ಅಚ್ಚಗನ್ನಡದಲ್ಲಿ ಒಪ್ಪಿಸಬೇಕು. ಇಂಗ್ಲಿಷ್ ಮಾರೋ ಕೆಲಸಕ್ಕೆ ಇಂಗ್ಲಿಷ್ ಮಿಸ್ಸನ್ನ ಕಳಿಸಿದರೆ ಒಂದು ಸೀಟೂ ತುಂಬಲ್ಲ.

ನಿಮ್ಮ ಪಾದ್ರಿಗಳೂ ಕನ್ನಡ ಕಲಿತದ್ದು ಕ್ಯಾನ್ವಾಸಿಂಗಿಗೇ ಅಲ್ಲವೇ ತಾತ?

ಅಲ್ಲ ಅಂದರೆ ನಾಲಿಗೆ ಬಿದ್ದು ಹೋದೀತು. ಸುವಾರ್ತೆ ಹೇಳೋಕೆ ಮಾತು ಬೇಕಿತ್ತು, ಕಲಿತರು. 1843ರಲ್ಲಿ ಅದೇ ಮಿಷನ್ನಿನ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ತೆಗೆದಾಗಲೂ ಅದು ಬರೀ ಕನ್ನಡ ಸೇವೆ ಆಗಿರಲಿಲ್ಲ. ಆದರೆ ಇಳಿದವರು ದಡ ಮರೆತರಯ್ಯಾ. 1853ರಲ್ಲಿ ಬಂದ ಕಿಟೆಲ್ ಛಂದಸ್ಸು, ವ್ಯಾಕರಣ, ಹಳಗನ್ನಡ ಅಂತ ಮುಳುಗಿಹೋದ. ಮಿಷನ್ನಿನವರಿಗೆ ಅವನ ಮೇಲೆ ಅಸಮಾಧಾನವೂ ಇತ್ತು. ಇನ್ನೊಬ್ಬ ಬಿ.ಎಲ್. ರೈಸ್, ಮಿಷನರಿಯ ಮಗ, ಬೆಂಗಳೂರಲ್ಲೇ ಹುಟ್ಟಿದವನು. ಈ ಸೀಮೆಯ ಶಾಸನಗಳನ್ನೆಲ್ಲ ಸೇರಿಸಿ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ತುಮಕೂರು ಸಂಪುಟ ತಂದ. ಸೋಷಿಯಲ್ ಸರ್ ಅದನ್ನ ಲೈಬ್ರರಿಗೆ ತರಿಸಿ ಅಂತ ಗೋಗರೀತಿದ್ದಾರೆ. ಈ ಶಾಲೆಯವರೋ, ಏಪ್ರಿಲ್‌ನಲ್ಲಿ ಕನ್ನಡಕ್ಕಿಳಿದು ಜೂನ್ ಹೊತ್ತಿಗೆ ಕಾಲು ಒರೆಸಿಕೊಂಡು ಮೇಲೆ ಬರ್ತಾರೆ.

ನಿಮಗೇನಾದರೂ ಬೇಡಿಕೆ?

ಮುಂದಿನ ಕ್ಯಾನ್ವಾಸಿಂಗಿಗೆ ಆಯಮ್ಮನ ಜೊತೆ ನನ್ನನ್ನೂ ಕಳಿಸಿ, ನಾಲ್ಕು ಊರು ನೋಡಿಬರ್ತೀನಿ ಅಂತ ಕೇಳಿಕೊಂಡೆ. ಅರ್ಜಿ ಇಂಗ್ಲಿಷಲ್ಲಿರಬೇಕು ಅಂದರು. ನಾನು ಕನ್ನಡ-ಇಂಗ್ಲಿಷ್ ನಿಘಂಟು, ನನಗೇನು ಕಷ್ಟ? ಹತ್ತೊಂಬತ್ತನೇ ಶತಮಾನದ ಗಟ್ಟಿ ಇಂಗ್ಲಿಷಲ್ಲಿ ಎರಡು ಪುಟ ಬರೆದುಕೊಟ್ಟೆ. ಆಫೀಸಲ್ಲಿ ಯಾರಿಗೂ ತಲೆಬುಡ ತಿಳೀಲಿಲ್ಲ. ಓದಿ ಅರ್ಥ ಹೇಳಿ ಅಂತ ಈಗ ಕನ್ನಡ ಮಿಸ್ಸನ್ನ ಕರೆಸಿದ್ದಾರೆ.