ನಮಗೀಗ ಆರನೇ ಸೆಮಿಸ್ಟರ್

ಡಿಗ್ರಿ ಓದುತ್ತಿರುವವಳು ಮಗಳು. ಆದರೆ ಆಫೀಸಿನಲ್ಲಿ ಯಾರಾದರೂ ‘ಏನ್ ಸಾರ್, ಸಪ್ಪಗಿದೀರಿ?’ ಎಂದರೆ ‘ನಮಗೆ ಇಂಟರ್ನಲ್ಸ್ ನಡೀತಿದೆಯಪ್ಪ’ ಎಂಬ ಉತ್ತರ ನನ್ನ ಬಾಯಿಂದ ತಾನಾಗಿ ಬರುತ್ತದೆ. ಇದು ಹೇಗೋ ಹೆಂಡತಿಯ ಕಿವಿಗೆ ಬಿದ್ದು, ಅವಳ ಅಕ್ಕನಿಗೆ ಫೋನಿನಲ್ಲಿ ವರದಿಯಾಯಿತು: ‘ಭಾವನವರಿಗೂ ಹೇಳಕ್ಕ, ನಮ್ಮನೆಯವರು ಮೂವತ್ತೇಳು ವರ್ಷ ಆದ್ಮೇಲೆ ಮತ್ತೆ ಕಾಲೇಜಿಗೆ ಸೇರಿದಾರೆ. ಈ ಸಲ ಬಿಎಸ್ಸಿ.’

ನಾನು ಮೈಸೂರು ವಿಶ್ವವಿದ್ಯಾಲಯದ ಬಿ.ಎ., 1989ರ ಬ್ಯಾಚು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿದ ವಿಶ್ವವಿದ್ಯಾಲಯ ಎಂದು ಮಗಳಿಗೆ ಆಗಾಗ ಜ್ಞಾಪಿಸುತ್ತಿರುತ್ತೇನೆ, ಅದರಲ್ಲಿ ನನ್ನ ಪಾಲೂ ಏನೋ ಇದೆ ಎಂಬ ಧಾಟಿಯಲ್ಲಿ. ನಮಗೆ ವರ್ಷಕ್ಕೊಂದೇ ಪರೀಕ್ಷೆ. ಜನವರಿವರೆಗೆ ಅದರ ನೆನಪೇ ಇಲ್ಲ. ಫೆಬ್ರವರಿಯಲ್ಲಿ ಗೈಡು ಕೊಳ್ಳುವುದು, ಮಾರ್ಚಿನಲ್ಲಿ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಡಾಡುತ್ತ ಉರು ಹೊಡೆಯುವುದು, ಆಮೇಲೆ ಹೋಗಿ ಕಕ್ಕಿ ಬರುವುದು. ನಮ್ಮಪ್ಪನ ಗಮನಕ್ಕೆ ಬರುತ್ತಿದ್ದದ್ದು ಎರಡೇ ಸಂಗತಿ, ಫೀಸು ಮತ್ತು ಫಲಿತಾಂಶ. ಎರಡನೆಯದನ್ನು ನಾನು ತುಸು ಪರಿಷ್ಕರಿಸಿಯೇ ಒಪ್ಪಿಸುತ್ತಿದ್ದೆ. ನಾನು ಯಾವ ಸಬ್ಜೆಕ್ಟು ಓದುತ್ತಿದ್ದೇನೆಂಬುದು ಅವರಿಗೆ ಕೊನೆಯವರೆಗೂ ಗೊತ್ತಿತ್ತೋ ಇಲ್ಲವೋ, ಅನುಮಾನ.

ನನಗೆ ಆ ಸುಖ ಇಲ್ಲ. ಬೆಂಗಳೂರಿನಲ್ಲಿ ಮಗಳು ಓದುವುದು ಯಾವ ವಿಶ್ವವಿದ್ಯಾಲಯದಲ್ಲಿ ಎಂಬ ಪ್ರಶ್ನೆಯಲ್ಲೇ ನನ್ನ ಮೊದಲ ವರ್ಷ ಕಳೆಯಿತು. ನೆಂಟರಿಗೆಲ್ಲ ಧಾರಾಳವಾಗಿ ‘ಬೆಂಗಳೂರು ಯೂನಿವರ್ಸಿಟಿ’ ಎನ್ನುತ್ತಿದ್ದೆ. ‘ಯಾವುದಪ್ಪಾ?’ ಎಂದಳು ಮಗಳು. 1964ರಲ್ಲಿ ಹುಟ್ಟಿದ್ದು ಒಂದೇ ಆದರೂ ಈಗ ಅದು ಅಣ್ಣತಮ್ಮಂದಿರು ಪಾಲಾದ ಮನೆ. ಜ್ಞಾನಭಾರತಿಯಲ್ಲಿ ಹಿರಿಯಣ್ಣ, ಸೆಂಟ್ರಲ್ ಕಾಲೇಜಿನಲ್ಲಿ ನಗರ ವಿಶ್ವವಿದ್ಯಾಲಯ, ಕೋಲಾರದ ಕಡೆ ಉತ್ತರ ವಿಶ್ವವಿದ್ಯಾಲಯ. ಇದಲ್ಲದೆ ಮಹಾರಾಣಿ ಕ್ಲಸ್ಟರ್, ನೃಪತುಂಗ. ನಮ್ಮದು ಇವುಗಳಲ್ಲಿ ಒಂದು. ಯಾವುದೆಂದು ಹೇಳುವುದಿಲ್ಲ, ಇನ್ನೂ ಮಾರ್ಕ್ಸ್ ಕಾರ್ಡು ಕೈಗೆ ಬರಬೇಕು.

ಸೇರುವಾಗ ಫಾರಂನಲ್ಲಿ ಮೊಬೈಲ್ ನಂಬರ್ ಎಂಬ ಜಾಗದಲ್ಲಿ ಜವಾಬ್ದಾರಿಯುತ ತಂದೆಯಾಗಿ ನನ್ನದನ್ನು ಬರೆದೆ. ಅಂದಿನಿಂದ ಅವಳ ವಿದ್ಯಾಭ್ಯಾಸ ನನ್ನ ಷರ್ಟಿನ ಜೇಬಿನಲ್ಲಿದೆ. ಅಡ್ಮಿಷನ್, ಪರೀಕ್ಷಾ ಶುಲ್ಕ, ಹಾಲ್ ಟಿಕೆಟ್, ಸ್ಕಾಲರ್‌ಷಿಪ್, ರೀವ್ಯಾಲ್ಯುಯೇಷನ್, ಎಲ್ಲದರ ಒಟಿಪಿಯೂ ನನಗೇ. ನಾನು ಸ್ನಾನಕ್ಕೆ ಹೋದ ಕೂಡಲೇ ಪೋರ್ಟಲ್ಲಿಗೆ ಎಚ್ಚರವಾಗುತ್ತದೆ. ‘ಅಪ್ಪಾ, ಒಟಿಪೀ!’ ಎಂದು ಅವಳು ಬಾಗಿಲು ಬಡಿಯುತ್ತಾಳೆ. ‘ಫೋನು ಟೇಬಲ್ ಮೇಲಿದೆ ಕಣೇ’ ಎಂದರೆ, ‘ಲಾಕ್ ಆಗಿದೆ, ನಿನ್ ಬೆರಳು ಬೇಕು.’ ಸೋಪು ಹತ್ತಿದ ಹೆಬ್ಬೆರಳನ್ನು ಬಾಗಿಲ ಸಂದಿಯಿಂದ ಆಚೆ ಚಾಚುತ್ತೇನೆ. ಒದ್ದೆ ಬೆರಳನ್ನು ಫೋನು ಒಪ್ಪುವುದಿಲ್ಲ. ಹೆಂಡತಿ ಸೆರಗಿನಲ್ಲಿ ಅದನ್ನು ಒರೆಸಿಕೊಡುತ್ತಾಳೆ. ಅಷ್ಟರಲ್ಲಿ ಒಟಿಪಿಯ ಆಯುಸ್ಸು ಮುಗಿದಿರುತ್ತದೆ. ಮೊದಲ ವರ್ಷ ಇವಳು ಓದಿದ ಒಂದು ಪೇಪರಿನ ಹೆಸರು ‘ಡಿಜಿಟಲ್ ಫ್ಲುಯೆನ್ಸಿ’. ಪರೀಕ್ಷೆ ಅವಳು ಪಾಸಾದಳು, ಪ್ರಾಕ್ಟಿಕಲ್ಸ್ ನಮಗೆ ಈಗಲೂ ನಡೆದಿದೆ.

ಅವಳು ಓದುತ್ತಿರುವ ಎನ್‌ಇಪಿಯಲ್ಲಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ, ಓಪನ್ ಎಲೆಕ್ಟಿವ್ ಎಂದೊಂದು ಇತ್ತು. ವಿಜ್ಞಾನದವರು ಬೇರೆ ವಿಭಾಗದ ವಿಷಯವೊಂದನ್ನು ಆರಿಸಿಕೊಳ್ಳಬೇಕು. ನಾನು ಇತಿಹಾಸ ಎಂದು ಹಟ ಹಿಡಿದೆ. ವಿಜಯನಗರವನ್ನು ನಾನೇ ಹೇಳಿಕೊಡುತ್ತೇನೆ, ಟ್ಯೂಷನ್ ಖರ್ಚಿಲ್ಲ. ಅವಳು ಕಾಮರ್ಸಿನವರ ಷೇರು ಮಾರುಕಟ್ಟೆ ಪೇಪರು ತೆಗೆದುಕೊಂಡಳು. ಎರಡನೇ ಯೂನಿಟ್ ಮುಗಿಯುವ ಹೊತ್ತಿಗೆ ಊಟದ ಮಧ್ಯೆ ಒಂದು ಪ್ರಶ್ನೆ ಬಂತು: ‘ಅಪ್ಪಾ, ಈ ಚೀಟಿ ಹಾಕ್ತೀಯಲ್ಲ, ಅದರ ರಿಟರ್ನ್ಸ್ ಎಷ್ಟು?’ ನಾನು ಸಾರಿಗೆ ಉಪ್ಪು ಕಮ್ಮಿ ಎಂದೆ. ಬಿಡಲಿಲ್ಲ. ಪೆನ್ನು ತಂದು, ಕಸದ ಬುಟ್ಟಿಗೆ ಹೋಗಬೇಕಿದ್ದ ಮದುವೆ ಕಾರ್ಡಿನ ಹಿಂಭಾಗದಲ್ಲಿ, ನಾನು ವರ್ಷಗಟ್ಟಲೆ ಕಟ್ಟಿದ ಕಂತು, ಕೂಗಿ ಬಿಟ್ಟ ಹಣ, ಕಮಿಷನ್ನು ಎಲ್ಲ ಬರೆದು, ಹಣದುಬ್ಬರ ಕಳೆದು ತಾಯಿಗೆ ತೋರಿಸಿದಳು. ಆ ಕಾರ್ಡು ಇವತ್ತಿಗೂ ಫ್ರಿಜ್ಜಿನ ಬಾಗಿಲ ಮೇಲೆ ಆಯಸ್ಕಾಂತದಡಿ ಇದೆ. ನಮ್ಮ ಸಂಸಾರದ ಹಣಕಾಸು ಖಾತೆ ಅಂದೇ ನನ್ನ ಕೈತಪ್ಪಿತು. ಇತಿಹಾಸ ತೆಗೆದುಕೊಂಡಿದ್ದರೆ ತಾಳೀಕೋಟೆಯ ಸೋಲು ಮಾತ್ರ ಗೊತ್ತಾಗುತ್ತಿತ್ತು.

ಪರೀಕ್ಷೆ ದಿನಗಳಲ್ಲಿ ಮನೆಯಲ್ಲಿ ಮಿಕ್ಸಿ ಇಲ್ಲ, ಕುಕ್ಕರ್ ಕೂಗುವಂತಿಲ್ಲ, ಧಾರಾವಾಹಿ ಮೂಕಾಭಿನಯ. ನಾವಿಬ್ಬರೂ ಮುಂಗಾಲಿನ ಮೇಲೆ ನಡೆದಾಡುತ್ತೇವೆ. ಅವಳು ಮಲಗಿರುತ್ತಾಳೆ.

ಕಳೆದ ಸಲ ಫಲಿತಾಂಶ ಬಂದಾಗ ಒಂದು ಪೇಪರಿನ ಇಂಟರ್ನಲ್ ಮಾರ್ಕ್ಸ್ ಏರಿಸದೆ ರಿಸಲ್ಟು ತಡೆದಿದ್ದರು. ಅರವತ್ತು ಥಿಯರಿಗೆ, ನಲವತ್ತು ಇಂಟರ್ನಲ್ಸ್‌ಗೆ. ನಲವತ್ತರ ಜಾಗ ಖಾಲಿ. ‘ಕಾಲೇಜಲ್ಲಿ ಹೇಳ್ತೀನಿ, ನೀನು ಸುಮ್ನಿರಪ್ಪ’ ಎಂದಳು ಮಗಳು. ಸುಮ್ಮನಿರುವುದು ಹೇಗೆ? ರಜೆ ಹಾಕಿ ಪರೀಕ್ಷಾಂಗ ವಿಭಾಗಕ್ಕೆ ಹೊರಟೆ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಅವಳಿಗೆ ಬಸ್ಸು ಉಚಿತ, ಅವಳ ಪರವಾಗಿ ಓಡಾಡುವ ನನಗೆ ಪೂರ್ತಿ ಟಿಕೆಟ್ಟು. ಅಲ್ಲಿ ಕೇಸ್ ವರ್ಕರ್ ಊಟಕ್ಕೆ ಹೋಗಿದ್ದರು. ಬಂದರು. ‘ಪ್ರಿನ್ಸಿಪಾಲರ ಕವರಿಂಗ್ ಲೆಟರ್ ಎಲ್ಲಿ? ಟಪಾಲಿಗೆ ಕೊಟ್ರಾ? ಇನ್‌ವರ್ಡ್ ಸೀಲ್ ಹಾಕಿಸಿದ್ರಾ?’ ಎಂದರು. ರಿಜಿಸ್ಟರ್ ನಂಬರ್ ಕೇಳಿದ್ದೇ ತಡ, ಚೀಟಿ ನೋಡದೆ ಒಂದೇ ಉಸಿರಿನಲ್ಲಿ ಹೇಳಿದೆ. ಹೆಂಡತಿಯ ಹುಟ್ಟಿದ ದಿನ ನನಗೆ ಹೀಗೆ ಬರುವುದಿಲ್ಲ. ಕೇಸ್ ವರ್ಕರ್ ತಲೆಯೆತ್ತಿ ನನ್ನ ನರೆಗೂದಲು ನೋಡಿ ಸಹಾನುಭೂತಿಯಿಂದ ಕೇಳಿದರು: ‘ರಿಪೀಟರ್ರಾ ಸಾರ್?’

ಹಿಂದೆ ಕ್ಯೂನಲ್ಲಿದ್ದ ಹುಡುಗರು ನಕ್ಕರು. ನಾನು ಎದೆ ಸೆಟೆಸಿ ‘ರೆಗ್ಯುಲರ್’ ಎಂದೆ.

ಮನೆಗೆ ಬರುವಷ್ಟರಲ್ಲಿ ಮಗಳು ವಿಭಾಗದ ಮುಖ್ಯಸ್ಥರಿಗೆ ವಾಟ್ಸ್ಯಾಪ್ ಮಾಡಿ, ಅವರು ಮಾರ್ಕ್ಸ್ ಏರಿಸಿಯೂ ಆಗಿತ್ತು. ಇನ್‌ವರ್ಡ್ ಸೀಲು ಬಿದ್ದ ನನ್ನ ಪ್ರತಿಯನ್ನು ಹೆಂಡತಿ ಫೈಲಿನಲ್ಲಿ ಇಟ್ಟಳು, ‘ಇರಲಿ ಬಿಡಿ, ನೀವು ಹೋಗಿದ್ದಕ್ಕೆ ದಾಖಲೆ’ ಎಂದು.

ಈಗ ಆರನೆಯದು, ನಮ್ಮ ಕಡೆಯ ಸೆಮಿಸ್ಟರು. ಎನ್‌ಇಪಿ ಪ್ರಕಾರ ನಾಲ್ಕನೇ ವರ್ಷ ಆನರ್ಸ್ ಇತ್ತು. ‘ಬೇಡಪ್ಪ, ಮೂರಕ್ಕೆ ಸಾಕು’ ಎಂದು ಅವಳು ಹೇಳಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇನ್ನೂ ಒಂದು ವರ್ಷ ಓದಬಹುದಿತ್ತು, ಓದಿನಲ್ಲಿ ಈಗಷ್ಟೇ ರುಚಿ ಹತ್ತಿತ್ತು. ‘ನೀವು ಬೇಕಾದ್ರೆ ಮಾಡಿ’ ಎಂದು ಹೆಂಡತಿ ಮಗ್ಗುಲು ಬದಲಿಸಿದಳು.

ಅವಳ ಪುಸ್ತಕ, ರೆಕಾರ್ಡುಗಳನ್ನು ಮಹಡಿ ಮನೆಯ ಹುಡುಗನಿಗೆ ಕೊಡೋಣವೆಂದು ಜೋಪಾನವಾಗಿ ಕಟ್ಟಿಟ್ಟಿದ್ದೆ. ಅವನು ಸೇರಿದ್ದು ಒಂದೇ ವರ್ಷ ತಡವಾಗಿ, 2024ರಲ್ಲಿ. ಆ ಮೇ ತಿಂಗಳಲ್ಲೇ ಸರ್ಕಾರ ನಾಲ್ಕು ವರ್ಷದ ಪದ್ಧತಿ ಕೈಬಿಟ್ಟು ರಾಜ್ಯದ ನೀತಿಯಂತೆ ಮತ್ತೆ ಮೂರು ವರ್ಷದ ಡಿಗ್ರಿ ತಂದಿತ್ತು. ‘ಅಂಕಲ್, ನಂದು ಎಸ್‌ಇಪಿ, ಸಿಲಬಸ್ಸೇ ಬೇರೆ’ ಎಂದು ಹುಡುಗ ಕೈಮುಗಿದ. ಆದ್ದರಿಂದ ಐದು ಸೆಮಿಸ್ಟರಿನ ಎನ್‌ಇಪಿ ಭೌತಶಾಸ್ತ್ರ ಮತ್ತು ಗಣಿತದ ಪುಸ್ತಕಗಳು ನಮ್ಮ ಅಟ್ಟದಲ್ಲಿವೆ. ಪರೀಕ್ಷೆ ಬಾಕಿ ಇರುವ ಮಕ್ಕಳು ಯಾರ ಮನೆಯಲ್ಲಾದರೂ ಇದ್ದರೆ ಬಂದು ಒಯ್ಯಲಿ, ದುಡ್ಡು ಬೇಡ. ಭಾನುವಾರ ಬೆಳಿಗ್ಗೆ ಬಂದರೆ ಉಪ್ಪಿಟ್ಟೂ ಇರುತ್ತದೆ. ಪಾಠದ ಡೌಟುಗಳನ್ನು ಮಗಳ ಹತ್ತಿರ ಕೇಳಬೇಕು. ಅರ್ಜಿ, ಚಲನ್ನು, ಕವರಿಂಗ್ ಲೆಟರ್ ವಿಚಾರಕ್ಕಾದರೆ ಯಾವ ಹೊತ್ತಿನಲ್ಲಾದರೂ ನಾನಿದ್ದೇನೆ.