ಹಿಂದೆ ಓಡುವ ಮೇಷ್ಟ್ರು

ವ್ಯಾಯಾಮಕ್ಕೆ ಮನೋಬಲವೊಂದಿದ್ದರೆ ಸಾಕು ಎನ್ನುವವರು ಡಿಸೆಂಬರಿನ ಬೆಂಗಳೂರಿನಲ್ಲಿ ಬೆಳಗಿನ ಐದು ಗಂಟೆಗೆ ಅಲಾರಂ ಇಟ್ಟುಕೊಂಡವರಲ್ಲ. ಆ ಹೊತ್ತಿನಲ್ಲಿ ನನ್ನ ಮನಸ್ಸು ಪಳಗಿದ ವಕೀಲ. ಮಂಜು, ಮೊಣಕಾಲು, ರಾತ್ರಿ ತಡವಾಗಿ ಉಂಡ ಮುದ್ದೆ, ಎಲ್ಲವನ್ನೂ ಸಾಕ್ಷಿಗೆ ಕರೆಯುತ್ತದೆ. ಅದರ ಬಾಯಿ ಮುಚ್ಚಿಸಿದ್ದು ಆರೋಗ್ಯದ ಪುಸ್ತಕಗಳಲ್ಲ, ಕಬ್ಬನ್ ಪಾರ್ಕಿನಲ್ಲಿ ಕಾದು ನಿಂತು, ಮರುದಿನ "ಯಾಕ್ ಸಾರ್, ನಿನ್ನೆ ಕಾಣ್ಲೇ ಇಲ್ಲ?" ಎಂದು ಕೇಳುವ ನಾಲ್ಕಾರು ಜನ.

1898ರಲ್ಲಿ ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಸೈಕಲ್ ರೇಸಿನ ದಾಖಲೆಗಳನ್ನು ಕೆದಕಿ, ಒಂಟಿಯಾಗಿ ತುಳಿಯುವವರಿಗಿಂತ ಜೊತೆಗಾರರಿದ್ದವರೇ ಬೇಗ ಹೋಗುತ್ತಾರೆಂದು ಬರೆದ. ಸಾಲದೆಂದು ಮಕ್ಕಳ ಕೈಯಲ್ಲಿ ಗಾಳದ ರಾಟೆ ತಿರುಗಿಸಿಯೂ ನೋಡಿದ. ಮೈಸೂರಿನ ಗರಡಿಗಳಿಗೆ ಇಷ್ಟು ಪಾಡು ಬೇಕಿರಲಿಲ್ಲ. ಪಕ್ಕದವನು ಬಸ್ಕಿ ಹೊಡೆಯುತ್ತಿರುವಾಗ ಗೋಡೆಗೊರಗಿ ನಿಲ್ಲುವುದಾದರೂ ಹೇಗೆ? ಮೇಲೆ ಉಸ್ತಾದರ ಕಣ್ಣು ಬೇರೆ.

ನಮ್ಮ ಗುಂಪನ್ನು ಓಡಿಸುತ್ತಿದ್ದವರಿಗೆ ವರ್ಗವಾದಾಗ ಆ ಕೆಲಸ ನನ್ನ ಪಾಲಿಗೆ ಬಂತು. ಅರ್ಹತೆ ಕೇಳಬೇಡಿ. "ನೀವು ಹೇಗೂ ಎಲ್ಲರಿಗಿಂತ ಹಿಂದೆ ಇರ್ತೀರಿ ಸಾರ್, ಅಲ್ಲಿಂದ ಎಲ್ಲರೂ ಕಾಣ್ತಾರೆ" ಎಂದರು. ಹಾಗೆ ನಾನು ಮೇಷ್ಟ್ರಾದೆ. ಹೊಸಬರಿಗೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಮಾತಾಡುವಷ್ಟು ಉಸಿರಿರಬೇಕು, ಹಾಡುವಷ್ಟು ಇರಬಾರದು ಎಂಬುದು ಹದವಾದ ವೇಗಕ್ಕೆ ಎಲ್ಲರೂ ಒಪ್ಪುವ ಅಳತೆ. ನಮ್ಮಲ್ಲಿ ಮಾತಿಗೆ ಬರವಿಲ್ಲ: ಸೈಟಿನ ರೇಟು, ಮಗಳ ಪಿಯುಸಿ, ಸೊಸೆಯ ಸಾರು. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮಾತ್ರ ಓಡುತ್ತಲೇ ರಾಜ್‌ಕುಮಾರ್ ಹಾಡು ಶುರುಮಾಡುತ್ತಾರೆ. ಅವರಿಗೆ ನನ್ನ ತರಬೇತಿ ಒಂದೇ: "ಸ್ವಲ್ಪ ಜೋರಾಗಿ ಓಡಿ ಸಾರ್." ಎರಡನೇ ಚರಣ ಬರುವುದಿಲ್ಲ.

2008ರಲ್ಲಿ ಶುರುವಾದ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ ಹತ್ತಿರವಾದಂತೆ ಇವರೆಲ್ಲ ನನ್ನ ಮಾತನ್ನು ನಿಜಕ್ಕೂ ಕೇಳತೊಡಗುತ್ತಾರೆ. ಇದು ಅಪಾಯಕಾರಿ. ಇನ್ನೊಬ್ಬರಿಗೆ "ನೀರು ಕುಡೀರಿ, ಬೇಗ ಮಲಗಿ" ಎಂದವನು ರಾತ್ರಿ ಹನ್ನೊಂದಕ್ಕೆ ಬಜ್ಜಿ ತಿನ್ನುವುದು ಕಷ್ಟ. ಓಟ ಮುಗಿದ ಮೇಲೆ ದರ್ಶಿನಿಯಲ್ಲಿ ಮಸಾಲೆ ದೋಸೆ ತಿನ್ನುವುದನ್ನು ಮಾತ್ರ ನಾನು ಪಠ್ಯಕ್ರಮದಿಂದ ತೆಗೆದಿಲ್ಲ. ದೋಸೆ ಇಲ್ಲದಿದ್ದರೆ ಅರ್ಧ ಗುಂಪು ಕರಗುತ್ತದೆಂದು ನನ್ನ ಗುಮಾನಿ.

ಮೊನ್ನೆ ಕಾಲು ಉಳುಕಿತು. ಆದರೂ ಆಟೋ ಹಿಡಿದು, ಸ್ಟಾಪ್‌ವಾಚ್ ಸಮೇತ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂರಲು ಹೊರಟೆ. "ನೀವಿಲ್ಲದಿದ್ರೂ ಅವರು ಓಡ್ತಾರೆ, ಸುಮ್ಮನೆ ಮನೇಲಿರಿ" ಎಂದಳು ನನ್ನ ಹೆಂಡತಿ.

ನನಗಿದ್ದದ್ದೂ ಅದೇ ಭಯ.